ಹೇಲು ಹೊಲಸು, ಪೂಪ್ ಮುದ್ದು?

ಬೆಂಗಳೂರಿನ ನನ್ನ ಐಟಿ ಗೆಳೆಯರ ಮನೇಲಿ ‘ಎವ್ರಿವನ್ ಪೂಪ್ಸ್’ ಇರುತ್ತೆ. ಜಪಾನಿನ ತಾರೋ ಗೋಮಿ 1977ರಲ್ಲಿ ಮಾಡಿದ ಚಿತ್ರಪುಸ್ತಕ. ಆನೆಯಿಂದ ಕೂಸಿನವರೆಗೆ ಯಾರ ಹೇಲು ಹೆಂಗಿರುತ್ತೆ ಅಂತ ತೋರಿಸುತ್ತೆ. ಇಂಗ್ಲಿಷಲ್ಲಿ ಓದಿದರೆ ಮುದ್ದು. ಕನ್ನಡದಲ್ಲಿ ಅಂದರೆ “ಛೀ, ಹೊಲಸು!” ಯಾಕ್ರೀ?

ಗೋಮಿ ಬರೆದದ್ದು ತನ್ನ ಭಾಷೆಯ ಮಕ್ಕಳ ಮಾತಲ್ಲೇ. ನಮ್ಮ ಹುನಗುಂದ, ಇಳಕಲ್ ಕಡೆ ಶಾಲೆ ಹುಡುಗ ಕಿರುಬೆರಳೆತ್ತಿ “ಸರ, ಒಂದಕ್ಕ” ಅಂತಾನೆ. ಅಂಕಿ ಇದೆ, ಹೆಸರಿಲ್ಲ. ನಾಚಿ ತಡಕೊಂಡ ಕೂಸಿಗೆ ಮಲಬದ್ಧತೆ, ಉರಿಮೂತ್ರ; ಡಾಕ್ಟರ ಮುಂದೂ ಬಾಯಿ ಬಿಡಲ್ಲ. ಹುಡುಗಿ ಮುಟ್ಟಾದರೆ “ಹೊರಗ ಕುಂದ್ರು” ಅಂತೀವಿ, ಯಾಕಂತ ಹೇಳಲ್ಲ. ಸರ್ಕಾರದ ‘ಶುಚಿ’ ಯೋಜನೆ ಪ್ಯಾಡ್ ಕೊಡಬಹುದು, ಮನೆಯವರ ಮಾತನ್ನ ಅದು ಆಡೋಕಾಗಲ್ಲ.

ನಮ್ಮ ಅಜ್ಜಿಯರಿಗೆ ಈ ನಾಚಿಕೆ ಇರಲಿಲ್ಲ. “ಹೇಲಾಕ ಬಂತೇನೋ?” ಅಂತ ಓಣಿಗೆಲ್ಲ ಕೇಳೋ ಹಂಗ ಕೂಗೋರು. ಓದಿದ ನಾವೇ ಅದನ್ನ ಬೈಗುಳ ಮಾಡಿದ್ವಿ.

ನವೆಂಬರಿನಲ್ಲಿ ‘ಕನ್ನಡ ಉಳಿಸಿ’ ಸ್ಟೇಟಸ್ ಹಾಕೋ ಗೆಳೆಯರೇ, ಮೊದಲು ಉಚ್ಚೆ, ಹೇಲು, ಹೂಸು, ಮುಟ್ಟು ಇವನ್ನ ಮಕ್ಕಳ ಚಿತ್ರಪುಸ್ತಕಕ್ಕೆ ತನ್ನಿ. ಬರೆಯಿರಿ, ಕೊಳ್ಳಿರಿ, ಜೋರಾಗಿ ಓದಿ. ಮಗುವಿನ ಮೈಗೇ ಬೇಡವಾದ ಕನ್ನಡ ಮತ್ತೆಲ್ಲಿ ಉಳಿದೀತು?