ಲಾಭ ಅವರಿಗೆ, ಆಮ್ಲ ಊರಿಗೆ

2012ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೆರೊಲಿನಾ ಎಂಬ ಸಣ್ಣ ಊರಿನ ನಲ್ಲಿಗಳಿಗೆ ಗಣಿಯೇ ಇಳಿದು ಬಂತು. ಜೋರು ಮಳೆಗೆ ಕಲ್ಲಿದ್ದಲು ಗಣಿಗಳ ಆಮ್ಲದ ನೀರು ಹರಿದು, ಊರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟೆ ಸೇರಿತ್ತು. ತಿಂಗಳುಗಟ್ಟಲೆ ಆ ನೀರು ಬಾಯಿಗಿಡುವಂತಿರಲಿಲ್ಲ. ಪಕ್ಕದ ಬಡವರ ಬಡಾವಣೆ ಸಿಲೊಬೆಲಾದ ಜನ ಟ್ಯಾಂಕರ್ ಕಾದರು, ಬೀದಿಗಿಳಿದರು, ಕೊನೆಗೆ ಕೋರ್ಟಿಗೆ ಹೋದರು. ತಲೆಗೆ ದಿನಕ್ಕೆ ಕನಿಷ್ಠ 25 ಲೀಟರ್ ನೀರನ್ನು 72 ಗಂಟೆಯೊಳಗೆ ಕೊಡಿ ಎಂದು ಜುಲೈನಲ್ಲಿ ಹೈಕೋರ್ಟು ಆದೇಶಿಸಿತು. ಎರಡು ಕೊಡ ನೀರಿಗೆ ನ್ಯಾಯಾಧೀಶರ ರುಜು ಬೇಕಾಯಿತು!

ಇದನ್ನು ದೈವದ ತಲೆಗೆ ಕಟ್ಟುವಂತಿಲ್ಲ. ಕಲ್ಲಿದ್ದಲಿನ ಜೊತೆಗೆ, ಚಿನ್ನದ ಅದಿರಿನ ಜೊತೆಗೆ ಪೈರೈಟ್ ಇರುತ್ತದೆ. ಕಬ್ಬಿಣ, ಗಂಧಕ ಕೂಡಿದ ಖನಿಜ. ನೆಲದಾಳದಲ್ಲಿ ಗಾಳಿ ಸೋಕದಿರುವ ತನಕ ಅದು ತನ್ನ ಪಾಡಿಗೆ ಇರುತ್ತದೆ. ಅಗೆದು ಗಾಳಿ, ನೀರು ತಾಗಿಸಿದಿರೋ, ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಸುತ್ತಲಿನ ಕಲ್ಲಿನಿಂದ ಲೋಹಗಳನ್ನು ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಜೊಹಾನ್ಸ್‌ಬರ್ಗಿನ ಸುತ್ತ 1886ರಿಂದ ಚಿನ್ನ ತೋಡಿದರು. ಗಣಿಗಳು ಮುಚ್ಚಿದವು, ನೀರೆತ್ತುವ ಪಂಪು ನಿಂತವು, ಸುರಂಗಗಳು ತುಂಬಿದವು; 2002ರಲ್ಲಿ ನಗರದ ಪಶ್ಚಿಮಕ್ಕೆ ಆ ನೀರು ನೆಲದ ಮೇಲೆ ಉಕ್ಕಿತು. ಅಗೆದವರು? ಆ ದೇಶದಲ್ಲಿ ವಾರಸುದಾರರಿಲ್ಲದ ಗಣಿಗಳೇ ಸುಮಾರು 6,000 ಇವೆ. ಲಾಭಕ್ಕೆ ಮಾತ್ರ ಎಂದೂ ವಾರಸುದಾರರ ಕೊರತೆ ಬಿದ್ದಿದ್ದಿಲ್ಲ.

ಉಕ್ಕಿದ ಆ ನೀರಿಗೆ ಸರ್ಕಾರ ಸುಣ್ಣ ಸುರಿಯಿತು. ಸುಣ್ಣ ಹುಳಿ ತೆಗೆಯುತ್ತದೆ, ಕಬ್ಬಿಣವನ್ನು ಕೆಳಗೆ ಕೂರಿಸುತ್ತದೆ; ಸಲ್ಫೇಟ್ ಉಪ್ಪು ಮಾತ್ರ ಲೀಟರಿಗೆ ಎರಡು ಗ್ರಾಂ ಆಸುಪಾಸಿನಲ್ಲಿ ಉಳಿದೇ ಇರುತ್ತದೆ. ಅದೇ ನೀರು ಹೊಳೆಗೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ: ಷೇರುದಾರರಿಗೆ ಬೆಣ್ಣೆ, ಹೊಳೆಗೆ ಸುಣ್ಣ.

ದಾರಿಯೇ ಇರಲಿಲ್ಲ ಎಂದು ಯಾರೂ ಹೇಳಬೇಡಿ. ಸಲ್ಫೇಟನ್ನು ತಡೆಯುವ ಪೊರೆ ಇದೆ. ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದೊಳಗಿನ ಆರ್‌ಓ ಪೊರೆಯ ತತ್ವವೇ ಅದು: ಒತ್ತಡಕ್ಕೆ ನೀರು ದಾಟುತ್ತದೆ, ಉಪ್ಪು ಇತ್ತಲೇ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ಕಲ್ಲಿದ್ದಲಿನ ಊರು ಎಮಲಹ್ಲೇನಿಯಲ್ಲಿ 2007ರಲ್ಲಿ ಆಂಗ್ಲೋ ಅಮೆರಿಕನ್ ಕಂಪನಿ ಶುರು ಮಾಡಿದ ಇಂಥ ಸ್ಥಾವರ ಗಣಿನೀರನ್ನು ಕುಡಿಯುವ ನೀರಾಗಿಸಿ ಪುರಸಭೆಗೆ ಕೊಡುತ್ತಿದೆ. ಸುಣ್ಣದಿಂದ ಲೋಹ ಇಳಿಸಿ, ಸೋಸಿ, ಆಮೇಲೆ ಪೊರೆಗೆ ಬಿಡುತ್ತಾರೆ. ಉಳಿದ ಜಿಪ್ಸಮ್‌ನಿಂದ ಮನೆ ಕಟ್ಟುವ ಸಾಮಗ್ರಿಯನ್ನೂ ಮಾಡಿದ್ದಾರೆ. ಎಂಜಿನಿಯರುಗಳ ಕೆಲಸಕ್ಕೆ ನನ್ನ ತಕರಾರಿಲ್ಲ. ಅದು ಒಳ್ಳೆಯ ಕೆಲಸ. ಆದರೆ ಅಲ್ಲಿ ಆಗುವುದು, ಕೆರೊಲಿನಾದಲ್ಲಿ ಯಾಕೆ ಆಗಲಿಲ್ಲ? 2007ರಲ್ಲಿ ಗೊತ್ತಿದ್ದದ್ದು 2012ರಲ್ಲಿ ಮರೆತು ಹೋಯಿತೆ?

ಇನ್ನು ಪೊರೆಯನ್ನೇ ತೋರಿಸಿ ಹೊಸ ಗಣಿಗೆ ಅನುಮತಿ ಕೇಳುವವರಿದ್ದಾರೆ. ಪೊರೆ ವಿಷವನ್ನು ಕೊಲ್ಲುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಈಚೆ ಉಳಿದ ಗಟ್ಟಿ ಉಪ್ಪುನೀರಿಗೂ ಕೆಸರಿಗೂ ಜಾಗ ಬೇಕು. ಜಿಪ್ಸಮ್ ಕಟ್ಟಿಕೊಂಡರೆ ಪೊರೆ ಬದಲಿಸಬೇಕು. ಪಂಪಿಗೆ ವಿದ್ಯುತ್ ಬೇಕು, ಅದು ಅಲ್ಲಿ ಬಹುಪಾಲು ಕಲ್ಲಿದ್ದಲು ಸುಟ್ಟೇ ಬರುವುದು! ಗಣಿಯ ಆಯುಸ್ಸು ಕೆಲವು ದಶಕ, ಆಮ್ಲದ್ದು ಶತಮಾನಗಳ ಲೆಕ್ಕ. ಸ್ಪೇನಿನ ರಿಯೊ ಟಿಂಟೊ ಸುತ್ತ ರೋಮನ್ನರು ಅಗೆದ ಗಣಿಗಳಿಂದ ಇವತ್ತಿಗೂ ಹುಳಿ ನೀರು ಜಿನುಗುತ್ತಿದೆ. ಅಷ್ಟು ಕಾಲ ಪಂಪು ನಡೆಸುವವರು ಯಾರು? ಬಿಲ್ಲು ಕಟ್ಟುವವರು ಯಾರು?

ಅಗೆದವರೇ ಕಟ್ಟಲಿ, ಅದೂ ಮುಂಗಡವಾಗಿ. ಪರವಾನಗಿಗೆ ರುಜು ಹಾಕುವ ಮುನ್ನ, ಗಣಿ ಮುಚ್ಚಿದ ಮೇಲೆ ನೀರು ಶುದ್ಧಿಗೆ ತಗಲುವ ಹಣವನ್ನು ಠೇವಣಿ ಇಡಿಸಿಕೊಳ್ಳಿ. ಅಷ್ಟು ಹಣ ಇಟ್ಟರೆ ಗಿಟ್ಟುವುದಿಲ್ಲ ಅನ್ನುವವರ ಗಣಿಯಲ್ಲಿ ಲಾಭವೇ ಇಲ್ಲ. ಅಂಥವರಿಗೆ ಗುದ್ದಲಿ ಎತ್ತಲೂ ಬಿಡಬೇಡಿ.