ಎರಡೂವರೆ ಅಡಿಯ ನ್ಯಾಯ

ಕೋಲಾರ ಸೀಮೆಯ ಚಿಕ್ಕ ಹಳಿಯ ರೈಲು ನಷ್ಟದಿಂದ ನಿಂತುಹೋಯಿತೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ನಿಧಾನದ ಬಂಡಿ, ಹಳೆಯ ಬಂಡಿ, ಬಸ್ಸು ಬಂದ ಮೇಲೆ ಯಾರಿಗೂ ಬೇಡವಾದ ಬಂಡಿ. ಕಾಲವೇ ಅದನ್ನು ಕೊಂಡೊಯ್ದಿತು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾಲಪುರುಷನ ತಲೆಗೆ ಕಟ್ಟುವ ಅಪರಾಧಗಳಲ್ಲಿ ಬಹುಪಾಲು ಮನುಷ್ಯರೇ ಮಾಡಿದವು. ಆ ರೈಲಿನ ಚರಿತ್ರೆಯನ್ನು ಆದ್ಯಂತವಾಗಿ ಪರ್ಯಾಲೋಚಿಸಿದವರಿಗೆ ಈ ಸಂಗತಿ ಮನದಟ್ಟಾಗದಿರದು.

ಮೈಸೂರು ಸಂಸ್ಥಾನಕ್ಕೆ ಉಗಿಬಂಡಿ ಮೊದಲು ಬಂದುದು ೧೮೬೪ರಲ್ಲಿ, ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿಗೆ. ಆ ಹಳಿಯ ಅಗಲ ಐದೂವರೆ ಅಡಿ. ಮೂವತ್ತು ವರ್ಷಗಳ ತರುವಾಯ, ೧೮೯೪ರ ಸುಮಾರಿಗೆ, ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗಳಿಗೆ ಕವಲು ಹಾಕಿದಾಗ ಅದೂ ಐದೂವರೆ ಅಡಿಯದೇ ಆಯಿತು. ರಾಗಿ, ಕಡಲೆಕಾಯಿ, ರೇಷ್ಮೆಗಳನ್ನು ಬೆಳೆಯುವ ನಾಡಿನ ಸರದಿ ಬಂದುದು ೧೯೧೩ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಹಾಕಿದ ಆ ಹಳಿಯ ಅಗಲ ಎರಡೂವರೆ ಅಡಿ. ಆ ದಶಕ ಮುಗಿಯುವುದರೊಳಗೆ ಹಳಿಯು ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಇತ್ತ ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ನಂದಿಗಳ ಮಾರ್ಗವಾಗಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯೆಂಬ ಕಂಪನಿಯ ಹಳಿಯೂ ಅಲ್ಲಿಗೇ ಬಂದು ಕೂಡಿತು. ಚಿನ್ನಕ್ಕೆ ಐದೂವರೆ ಅಡಿ, ಅನ್ನಕ್ಕೆ ಎರಡೂವರೆ ಅಡಿ: ಹುಟ್ಟಿದಂದೇ ಈ ರೈಲಿಗೆ ದೊರೆತ ನ್ಯಾಯ ಇದು.

ಆದರೂ ಜನರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಶಿಡ್ಲಘಟ್ಟದ ರೇಷ್ಮೆ, ಚಿಂತಾಮಣಿಯ ಮಂಡಿ, ಶ್ರೀನಿವಾಸಪುರದ ಮಾವು ಎಂದರೆ ಹೊರಗಿನವರಿಗೂ ಪರಿಚಿತವಾದ ಮಾತುಗಳು. ಈ ಮೂರು ಊರುಗಳೂ ಒಂದೇ ಹಳಿಯ ಮೇಲಿದ್ದವು. ಹೊಸಕೋಟೆ ತಾಲ್ಲೂಕಿನ ನಂದಗುಡಿಯ ಸ್ಥಿತಿ ಬೇರೆ. ಐತಿಹ್ಯವು ನವನಂದರ ಹೆಸರಿನೊಡನೆ ಗಂಟುಹಾಕಿರುವ ಈ ಪ್ರಾಚೀನ ಗ್ರಾಮದ ಪಶ್ಚಿಮಕ್ಕೆ ದೇವನಹಳ್ಳಿ, ಉತ್ತರಕ್ಕೆ ಶಿಡ್ಲಘಟ್ಟ ಚಿಂತಾಮಣಿಗಳು, ಪೂರ್ವಕ್ಕೆ ಕೋಲಾರ, ದಕ್ಷಿಣಕ್ಕೆ ಮಾಲೂರಿನ ದೊಡ್ಡ ಹಳಿ. ಸುತ್ತಲೂ ರೈಲು, ನಡುವೆ ನಂದಗುಡಿ. ಊರೊಳಗೆ ಮಾತ್ರ ರೈಲಿಲ್ಲ. ಹಳಿ ಊರ ಬಾಗಿಲಿಗೆ ಬಾರದವರಿಗೂ ಹತ್ತಿರದ ಪೇಟೆಯ ರೈಲೇ ಆಸರೆಯಷ್ಟೆ. ಅದು ನಿಂತಾಗ ಆದ ನಷ್ಟವನ್ನು ಟಿಕೆಟ್ಟಿನ ಲೆಕ್ಕದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಚಿಕ್ಕ ಹಳಿಗೆ ದೋಷಗಳಿರಲಿಲ್ಲವೆಂದು ವಾದಿಸುವುದು ಸರಿಯಲ್ಲ. ಬಂಗಾರಪೇಟೆಯಲ್ಲಿ ಹಳಿಯ ಅಗಲ ಬದಲಾಗುತ್ತಿದ್ದುದರಿಂದ ಒಂದು ಬಂಡಿಯ ಮೂಟೆಗಳನ್ನು ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಕೂಲಿಯೂ ಕಾಲವೂ ವ್ಯರ್ಥ. ೧೯೫೧ರಲ್ಲಿ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಸೇರಿದ ಮೇಲೂ ಈ ತೊಡಕು ತಪ್ಪಲಿಲ್ಲ. ಆದುದರಿಂದ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವುದೆಂದು ೧೯೯೨ರಲ್ಲಿ ಕೈಗೊಂಡ ಸಂಕಲ್ಪವನ್ನು ತಪ್ಪೆನ್ನಲಾಗದು. ತಪ್ಪು ಸಂಕಲ್ಪದಲ್ಲಿಲ್ಲ, ನಡೆವಳಿಕೆಯಲ್ಲಿದೆ. ಯಲಹಂಕದಿಂದ ಚಿಕ್ಕಬಳ್ಳಾಪುರದವರೆಗೂ ಬಂಗಾರಪೇಟೆಯಿಂದ ಕೋಲಾರದವರೆಗೂ ಎರಡು ತುದಿಗಳನ್ನು ಅಗಲಮಾಡಿ, ನಡುವಣ ಕೋಲಾರ–ಚಿಕ್ಕಬಳ್ಳಾಪುರದ ಭಾಗವನ್ನು ನಿಲ್ಲಿಸಿ ಹಾಗೆಯೇ ಬಿಟ್ಟರು. ಅಲ್ಲಿ ದೊಡ್ಡ ಹಳಿಯ ಮೇಲೆ ರೈಲು ಓಡಿದ್ದು ೨೦೧೩ರಲ್ಲಿ. ೧೯೯೦ರ ದಶಕದಲ್ಲಿ ಕಡಿದ ದಾರಿಯನ್ನು ಕೂಡಿಸಲು ಹತ್ತು ವರ್ಷಕ್ಕೂ ಮಿಕ್ಕ ಕಾಲ ಬೇಕಾಯಿತು. ಹಳೆಯ ಮನೆಯನ್ನು ಕೆಡವಿ, ಹೊಸ ಮನೆಗೆ ಕಲ್ಲು ತರುವವರೆಗೆ ಮಕ್ಕಳನ್ನು ಬಯಲಲ್ಲಿ ಮಲಗಿಸುವ ಯಜಮಾನನನ್ನು ಊರವರು ಏನೆನ್ನುತ್ತಾರೆ?

ಅಷ್ಟು ಕಾಲ ರೈಲಿಲ್ಲದೆ ಇದ್ದ ಜನ ಬಸ್ಸು ಹತ್ತಿದರು, ವರ್ತಕರು ಲಾರಿ ಹಿಡಿದರು. ಹೀಗೆ ರೂಢಿ ತಪ್ಪಿಸಿದ ಮೇಲೆ, ಇಲ್ಲಿ ರೈಲಿಗೆ ಜನವೇ ಇಲ್ಲವೆಂದು ಹೇಳುವುದು ಬಾವಿಯನ್ನು ಮುಚ್ಚಿ, ಊರವರಿಗೆ ಬಾಯಾರಿಕೆಯೇ ಇಲ್ಲವೆಂದು ಸಾರಿದಂತೆ.

ಲಾಭನಷ್ಟದ ವಾದವನ್ನು ಎಲ್ಲೆಡೆಯೂ ಸಮನಾಗಿ ಹಚ್ಚುವುದಾದರೆ ಅದಕ್ಕೊಂದು ಮರ್ಯಾದೆಯಿರುತ್ತಿತ್ತು. ೨೦೦೧ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಚಿನ್ನ ಮುಗಿಯಿತೆಂದು ಮಾರಿಕುಪ್ಪಂ ಕವಲಿನ ಹಳಿಯನ್ನು ಯಾರೂ ಕೀಳಲಿಲ್ಲ. ಗಣಿ ಹೋದರೂ ಜನರಿದ್ದಾರೆ, ಅವರು ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಳಿ ಉಳಿದದ್ದು ನ್ಯಾಯವೇ. ಅದೇ ನ್ಯಾಯ ಚಿಂತಾಮಣಿಗೆ ಏಕೆ ದೊರೆಯಲಿಲ್ಲವೆಂಬುದೇ ಪ್ರಶ್ನೆ. ಇನ್ನು ಚಿಕ್ಕ ಹಳಿಯೆಂದರೆ ಕೀಳೆಂಬ ಭಾವನೆಗೂ ಆಧಾರವಿಲ್ಲ. ೧೯೦೩ರಲ್ಲಿ ತೆರೆದ ಕಾಲ್ಕಾ–ಸಿಮ್ಲಾ ರೈಲಿನದೂ ಎರಡೂವರೆ ಅಡಿಯ ಹಳಿಯೇ. ೨೦೦೮ರಲ್ಲಿ ಅದಕ್ಕೆ ವಿಶ್ವಪರಂಪರೆಯ ಪಟ್ಟ ದೊರೆಯಿತು. ಗಿರಿವಿಹಾರದ ದೊರೆಗಳನ್ನು ಹೊತ್ತ ಹಳಿ ಪೂಜ್ಯವಾಯಿತು, ಸಂತೆಗೆ ಹೋಗುವ ರೈತನನ್ನು ಹೊತ್ತ ಹಳಿ ಗುಜರಿಯಾಯಿತು.

ಈಚೆಗೆ ನಂದಿ, ದೇವನಹಳ್ಳಿ ಮೊದಲಾದ ಕಡೆಗಳಲ್ಲಿ ಹಳೆಯ ನಿಲ್ದಾಣದ ಕಟ್ಟಡಗಳನ್ನು ದುರಸ್ತು ಮಾಡುವ ಕೆಲಸ ನಡೆದಿದೆ. ಇದು ಮೆಚ್ಚತಕ್ಕದ್ದೇ. ಆದರೆ ನಿಲ್ದಾಣದ ಶೋಭೆ ಹೆಂಚಿನಲ್ಲಿಲ್ಲ, ಹೊತ್ತಿಗೆ ಸರಿಯಾಗಿ ಬರುವ ಬಂಡಿಯಲ್ಲಿದೆ.

ಈ ಚರಿತ್ರೆ ಹಳೆಯ ಕಥೆಯೆಂದು ನಂದಗುಡಿಯವರು ಸುಮ್ಮನಿರುವಂತಿಲ್ಲ. ಈ ಶತಮಾನದ ಮೊದಲ ದಶಕದಲ್ಲಿಯೇ ವಿಶೇಷ ಆರ್ಥಿಕ ವಲಯದ ಹೆಸರಿನಲ್ಲಿ ಅವರ ಹೊಲಗಳ ಮೇಲೆ ಕಣ್ಣು ಬಿದ್ದಿತ್ತು, ರೈತರು ಎದುರುನಿಂತರು. ಪಟ್ಟಣವು ಹಳ್ಳಿಯಿಂದ ನೆಲವನ್ನು ಕೇಳುವಾಗ ಎಕರೆಗಳಲ್ಲಿ ಅಳೆಯುತ್ತದೆ, ಹಳ್ಳಿಗೆ ದಾರಿಯನ್ನು ಕೊಡುವಾಗ ಅಂಗುಲಗಳಲ್ಲಿ ಅಳೆಯುತ್ತದೆ. ಆದುದರಿಂದ ಮುಂದೆ ಯಾರೇ ಅಭಿವೃದ್ಧಿಯ ಮಾತನ್ನಾಡಿಕೊಂಡು ಆ ಕಡೆಗೆ ಬಂದರೂ ಜನರು ಎರಡು ಮಾತುಗಳನ್ನು ಬರೆಸಿಕೊಳ್ಳಬೇಕು. ಓಡುವ ದಾರಿಯೊಂದನ್ನು, ಅದರ ಬದಲಿನ ದಾರಿ ಸಿದ್ಧವಾಗುವವರೆಗೆ, ಮುಚ್ಚತಕ್ಕದ್ದಲ್ಲ. ಹಳ್ಳಿಯ ರೈಲಿನ ಲಾಭವನ್ನು ಟಿಕೆಟ್ ಕಿಂಡಿಯಲ್ಲಿ ಮಾತ್ರವಲ್ಲದೆ ಮಂಡಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿಯೂ ಎಣಿಸಬೇಕು. ಇವೆರಡಕ್ಕೆ ಒಪ್ಪದವರಿಗೆ ಹಳ್ಳಿಯ ನೆಲವನ್ನು ಕೇಳುವ ಅಧಿಕಾರವಿಲ್ಲ.