ಸಾಲದ ಜೊತೆಗೆ ಬಂದ ವಿಮೆ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಒಬ್ಬ ಅಜ್ಜ ಮನೆ ರಿಪೇರಿಗೆಂದು 2,00,000 ರೂಪಾಯಿ ಸಾಲ ಕೇಳಿದರು. ಪಾಸ್‌ಬುಕ್‌ನಲ್ಲಿ ಸಾಲ 2,08,000 ಎಂದಿದೆ. ಹೆಚ್ಚಿನ 8,000 ಯಾತಕ್ಕೆ? ಸಾಲದ ವಿಮೆಯ ಪ್ರೀಮಿಯಂ. ಅದನ್ನೂ ಸಾಲಕ್ಕೇ ಸೇರಿಸಿದ್ದರಿಂದ ಅದಕ್ಕೂ ಬಡ್ಡಿ. ಶೇ 12ರ ಬಡ್ಡಿಯಲ್ಲಿ 5 ವರ್ಷದ ಕಂತು ಕಟ್ಟಿದರೆ, ಆ 8,000ಕ್ಕೇ ತಿಂಗಳಿಗೆ ಸುಮಾರು 178 ರೂಪಾಯಿ. ಒಟ್ಟು ಎಷ್ಟಾಯಿತು? ಹತ್ತಿರ ಹತ್ತಿರ 10,680.

ಅಂಕಿಗಳು ನಾನು ಹಾಕಿದವು. ಆದರೆ ಇಂಥ ಪಾಸ್‌ಬುಕ್ ಹಿಡಿದು ಕೌಜಲಗಿಯಲ್ಲಿ ನಮ್ಮ ಮನೆ ಕಟ್ಟೆಗೆ ಬರುವ ಹಿರಿಯರಿದ್ದಾರೆ. "ಇದಕ್ಕ ಸಹಿ ಮಾಡದಿದ್ರ ಸಾಲ ಸಿಗೂದಿಲ್ಲ ಅಂದ್ರು" ಎನ್ನುತ್ತಾರೆ.

ಸಾಲದ ವಿಮೆ ಕೆಟ್ಟದ್ದಲ್ಲ. ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ಕಟ್ಟುತ್ತದೆ. ಮನೆಯವರ ತಲೆಯ ಮೇಲಿನ ಭಾರ ಇಳಿಯುತ್ತದೆ. ಸಾಲ ಮಾಡಿದ ಹಿರಿಯರು ಹೋದ ಮನೆಗಳಲ್ಲಿ "ಸಾಲಕ್ಕೆ ವಿಮೆ ಇತ್ತೇ?" ಎಂದು ಬ್ಯಾಂಕಿನಲ್ಲಿ ಮೊದಲು ವಿಚಾರಿಸಿರಿ. ಆದರೆ ಸಾಲ ಬೇರೆ, ಈ ವಿಮೆ ಬೇರೆ. ವಾಹನದ ಥರ್ಡ್ ಪಾರ್ಟಿ ವಿಮೆಯಂತೆ ಇದು ಕಾನೂನಿನ ಕಡ್ಡಾಯವಲ್ಲ. ಬೇಕೋ ಬೇಡವೋ ಎನ್ನುವುದು ಸಾಲಗಾರನ ಇಷ್ಟ.

ಇಂಗ್ಲೆಂಡಿನಲ್ಲಿ ಇದೇ ಬಗೆಯ ವಿಮೆಯನ್ನು ಲಕ್ಷಾಂತರ ಜನರಿಗೆ ತಪ್ಪಾಗಿ ಮಾರಿದ್ದರು. ನೌಕರಿ ಹೋದರೆ ಕಂತು ಕಟ್ಟುವ ವಿಮೆಯನ್ನು ನೌಕರಿಯೇ ಇಲ್ಲದವರಿಗೂ ಅಂಟಿಸಿದ್ದರು. ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 29 ಕಡೆಯ ದಿನ. ಬ್ಯಾಂಕುಗಳು 3,800 ಕೋಟಿ ಪೌಂಡಿಗೂ ಹೆಚ್ಚು ಹಣ ಮರಳಿಸಬೇಕಾಯಿತು. ಕೇಳಿದವರಿಗೆ ಸಿಕ್ಕಿತು.

ನಮ್ಮಲ್ಲಿ ಯಾವ ಆಧಾರದ ಮೇಲೆ ಕೇಳಬಹುದು?

ಒಂದು, ಹೇಳದೆ ಕೇಳದೆ ಸೇರಿಸಿದ್ದರೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ವೈಯಕ್ತಿಕ ಸಾಲ, ಮನೆ ಸಾಲದಂಥವುಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಿಡಿಯುವಂತಿಲ್ಲ.

ಎರಡು, ವಿಮೆ ಕೊಳ್ಳದಿದ್ದರೆ ಸಾಲವಿಲ್ಲ ಎಂದು ಒತ್ತಾಯಿಸಿದ್ದರೆ.

ಮೂರು, ವಿಮೆ ಉಪಯೋಗಕ್ಕೇ ಬಾರದ್ದಾಗಿದ್ದರೆ. ವಯಸ್ಸಿನ ಮಿತಿ ದಾಟಿದವರಿಗೆ ಮಾರಿದ್ದು, ಹಳೆಯ ಕಾಯಿಲೆ ಕೇಳದೆಯೇ 'ಇಲ್ಲ' ಎಂದು ಅರ್ಜಿ ತುಂಬಿದ್ದು, ಇವೆಲ್ಲ ಇದರಲ್ಲಿ ಬರುತ್ತವೆ.

ಇನ್ನೊಂದು ಮಾತು. ಸಾಲವನ್ನು ಅವಧಿಗೆ ಮುಂಚೆ ತೀರಿಸಿದವರು, ಉಳಿದ ಅವಧಿಯ ಪ್ರೀಮಿಯಂನಲ್ಲಿ ಎಷ್ಟು ಮರಳುತ್ತದೆ ಎಂದು ಪಾಲಿಸಿಯ ಷರತ್ತು ನೋಡಿ ಕೇಳಿರಿ. ಇದನ್ನು ಮರೆಯುವವರೇ ಹೆಚ್ಚು.

ಕೇಳುವ ಕ್ರಮ ಹೀಗೆ. ಜೀವವಿಮೆಯ ಪಾಲಿಸಿ ಕೈಸೇರಿ 30 ದಿನ ಆಗಿರದಿದ್ದರೆ 'ಫ್ರೀ ಲುಕ್' ಅವಧಿಯಲ್ಲಿ ಬೇಡವೆಂದು ಬರೆದು ಕೊಡಿರಿ. ಅಷ್ಟು ದಿನದ ವಿಮೆಯ ಖರ್ಚು, ಸ್ಟಾಂಪು, ವೈದ್ಯಕೀಯ ತಪಾಸಣೆಯ ವೆಚ್ಚ ಕಳೆದು ಉಳಿದದ್ದು ಬರುತ್ತದೆ. ಆ ದಿನಗಳು ಕಳೆದಿದ್ದರೆ ಬ್ಯಾಂಕಿಗೂ ವಿಮಾ ಕಂಪನಿಗೂ ಅರ್ಜಿ ಕೊಡಿರಿ. ಸಹಿಯಿರುವ ಅರ್ಜಿಯ ನಕಲು, ಪಾಲಿಸಿಯ ನಕಲು ಕೇಳಿರಿ. ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಶಿಕ್ಕಾ ಹೊಡೆಸಿಕೊಳ್ಳಿರಿ. ಬಾಯಿಮಾತು ದಾಖಲೆಯಲ್ಲ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು; ಮಾಹಿತಿಗೆ 14448ಕ್ಕೆ ಫೋನ್ ಮಾಡಿರಿ. ವಿಮಾ ಕಂಪನಿಯ ಮೇಲಿನ ದೂರಿಗೆ 155255, ಮುಂದೆ ವಿಮಾ ಓಂಬುಡ್ಸ್‌ಮನ್. ಓಂಬುಡ್ಸ್‌ಮನ್ ಇಬ್ಬರೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ನಡುವೆ 'ಹಣ ಕೊಡಿಸುತ್ತೇನೆ' ಎಂದು ಕಮಿಷನ್ ಕೇಳುವವರ ಕೈಗೆ ಕಾಗದ ಕೊಡಬೇಡಿರಿ.

ಮಕ್ಕಳೇ, ನಿಮಗೊಂದು ಕೆಲಸ. ಮನೆಯಲ್ಲಿ ಸಾಲದ ಕಾಗದ ಇದ್ದರೆ ಅಜ್ಜ, ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿರಿ. 'ವಿಮೆ', 'ಪ್ರೀಮಿಯಂ' ಎಂದು ಬಂದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹಿರಿಯರೇ, ಸಣ್ಣ ಅಕ್ಷರ ಕಾಣದಿದ್ದರೆ ಸಹಿಯನ್ನು ನಾಳೆಗೆ ಇಟ್ಟುಕೊಳ್ಳಿರಿ. ಒಂದು ದಿನ ತಡವಾದರೆ ನಷ್ಟವಿಲ್ಲ.